ಅಂಗಡಿ ಬಾಗಿಲು ಎಳೆದ ಮೇಲೆ ಕಂಡ ಲೋಕ: ಬಟ್ಟೆ ವ್ಯಾಪಾರಿಯ ಹವ್ಯಾಸ ಜಗತ್ತಿನ ಕಣ್ಣು ತೆರೆಸಿದ್ದು ಹೇಗೆ?

ರಾತ್ರಿ ಒಂಬತ್ತಕ್ಕೆ ಬಜಾರ್ ರಸ್ತೆಯ ಶಟರ್‌ಗಳು ಒಂದೊಂದಾಗಿ ಕೆಳಗೆ ಬೀಳುತ್ತವೆ. ಅಲ್ಲಿಗೆ ದಿನದ ವ್ಯಾಪಾರ ಮುಗಿಯಿತು. ಆದರೆ ಮನುಷ್ಯನ ದಿನ ಮುಗಿದಿರಲ್ಲ. ಹಾರ್ಡ್‌ವೇರ್ ಅಂಗಡಿಯವರು ಹಾರ್ಮೋನಿಯಂ ಹಿಡಿದು ಭಜನೆಗೆ ಹೋಗುತ್ತಾರೆ. ಗೊಬ್ಬರದ ಅಂಗಡಿಯವರು ಮಹಡಿ ಮೇಲೆ ಪಾರಿವಾಳ ಸಾಕಿರುತ್ತಾರೆ. ಮೆಡಿಕಲ್ ಸ್ಟೋರ್ ಹುಡುಗ ಹಳೇ ನಾಣ್ಯ ಕೂಡಿಡುತ್ತಾನೆ. ಇವರೆಲ್ಲರಿಗೂ ಮನೆಯಲ್ಲಿ ಸಿಗುವ ಪ್ರಶ್ನೆ ಮಾತ್ರ ಒಂದೇ: "ಅದರಿಂದ ಏನು ಬರುತ್ತೆ? ಹೊಟ್ಟೆ ತುಂಬುತ್ತಾ?"

ಹೊಟ್ಟೆ ತುಂಬಲ್ಲ, ನಿಜ. ಹಾಗಾದರೆ ಏನು ಬರುತ್ತೆ ಅನ್ನೋದಕ್ಕೆ ಒಂದು ಗಟ್ಟಿ ಉತ್ತರ ಸಿಗುವುದು ಸುಮಾರು 350 ವರ್ಷಗಳ ಹಿಂದೆ, ಯುರೋಪಿನ ಒಂದು ಸಣ್ಣ ಪೇಟೆಯ ಬಟ್ಟೆ ಅಂಗಡಿಯಲ್ಲಿ.

ಊರು ಹಾಲೆಂಡಿನ ಡೆಲ್ಫ್ಟ್. ವ್ಯಾಪಾರಿಯ ಹೆಸರು ಆಂಟನಿ ವಾನ್ ಲ್ಯೂವೆನ್‌ಹಾಕ್. ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ ಈ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತೆ, ಸೂಕ್ಷ್ಮಜೀವಿಗಳನ್ನು ಮೊದಲು ಕಂಡವನು ಅಂತ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆತ ವಿಜ್ಞಾನಿಯಾಗಿ ಓದಿದವನೇ ಅಲ್ಲ, ಗಜಕಡ್ಡಿ ಹಿಡಿದು ಬಟ್ಟೆ ಅಳೆದವನು ಅನ್ನೋದನ್ನು ಆ ಸಾಲು ಹೇಳುವುದಿಲ್ಲ.

ಬುಟ್ಟಿ ಹೆಣೆಯುವವನ ಮಗ

ಹುಟ್ಟಿದ್ದು 1632ರಲ್ಲಿ. ಅಪ್ಪ ಬುಟ್ಟಿ ಹೆಣೆಯುತ್ತಿದ್ದವರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹದಿನಾರನೇ ವಯಸ್ಸಿಗೆ ಹುಡುಗನನ್ನು ಆಮ್‌ಸ್ಟರ್‌ಡಾಮ್‌ನ ಒಬ್ಬ ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಬಿಟ್ಟರು. ಅಲ್ಲಿ ಲೆಕ್ಕ ಬರೆದ, ಬಟ್ಟೆ ಗುರುತಿಸುವುದು ಕಲಿತ. 1654ರಲ್ಲಿ ಊರಿಗೆ ವಾಪಸ್ ಬಂದು, ಮದುವೆಯಾಗಿ, ಮನೆ ಕೊಂಡು ಅಲ್ಲೇ ಅಂಗಡಿ ತೆರೆದ. ಬಟ್ಟೆ, ಗುಂಡಿ, ರಿಬ್ಬನ್, ದಾರ. ಇವತ್ತಿನ ಮಾತಲ್ಲಿ ಹೇಳಬೇಕಂದ್ರೆ ಜವಳಿ ಜೊತೆಗೆ ಫ್ಯಾನ್ಸಿ ಸ್ಟೋರ್.

ಕಾಲೇಜು ಮೆಟ್ಟಿಲು ಹತ್ತಿರಲಿಲ್ಲ. ಆ ಕಾಲದ ವಿದ್ವಾಂಸರ ಭಾಷೆ ಲ್ಯಾಟಿನ್. ಆತನಿಗೆ ಅದು ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಗೊತ್ತಿದ್ದದ್ದು ಮನೆಮಾತು ಡಚ್ ಒಂದೇ.

ಜವಳಿ ವ್ಯಾಪಾರದಲ್ಲಿ ಇರುವವರಿಗೆ ಭೂತಗನ್ನಡಿ ಹೊಸದಲ್ಲ. ಬಟ್ಟೆ ಎಷ್ಟು ಒತ್ತಾಗಿ ನೇಯ್ದಿದೆ, ಒಂದು ಅಂಗುಲಕ್ಕೆ ಎಷ್ಟು ಎಳೆ ಬಿದ್ದಿದೆ ಅಂತ ಎಣಿಸಲು ಸಣ್ಣ ಮಸೂರ ಬೇಕಾಗುತ್ತೆ. ಮಗ್ಗದ ಕಡೆ ಇವತ್ತಿಗೂ ಅದನ್ನು ಬಳಸುವವರಿದ್ದಾರೆ. ಎಳೆ ಎಣಿಸುವ ಆ ಗಾಜಿನಿಂದಲೇ ಲ್ಯೂವೆನ್‌ಹಾಕ್‌ಗೆ ಮಸೂರದ ಗೀಳು ಹತ್ತಿರಬೇಕು ಅನ್ನೋದು ಇತಿಹಾಸಕಾರರ ಊಹೆ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಚಿತ್ರಗಳ ಒಂದು ದೊಡ್ಡ ಪುಸ್ತಕ ತಂದಿದ್ದ. ಅದರಲ್ಲಿ ಚಿಗಟದ ಚಿತ್ರದ ಜೊತೆ ಬಟ್ಟೆಯ ನೇಯ್ಗೆಯ ಚಿತ್ರವೂ ಇತ್ತು. ಮೂರು ವರ್ಷದ ನಂತರ ಲ್ಯೂವೆನ್‌ಹಾಕ್ ಇಂಗ್ಲೆಂಡಿಗೆ ಹೋಗಿ ಬಂದ. ಬಟ್ಟೆ ವ್ಯಾಪಾರಿ ಆ ಚಿತ್ರ ನೋಡಿದ್ದರೆ ಅಲ್ಲೇ ನಿಂತುಬಿಟ್ಟಿರುತ್ತಾನೆ ಅಂತ ಊಹಿಸುವುದು ಕಷ್ಟವಲ್ಲ.

ಎಳೆ ಎಣಿಸಿ ಗಾಜನ್ನು ಡ್ರಾಯರ್‌ಗೆ ಹಾಕಿಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು. ಆತ ಅದೇ ಗಾಜನ್ನು ಜೇನುಹುಳದ ಕೊಂಡಿಗೆ ಹಿಡಿದ, ಬೂಷ್ಟಿಗೆ ಹಿಡಿದ, ಹೇನಿಗೆ ಹಿಡಿದ. ಇನ್ನೂ ಚೆನ್ನಾಗಿ ಕಾಣಬೇಕು ಅನ್ನಿಸಿದಾಗ ತಾನೇ ಗಾಜು ಕರಗಿಸಿ, ಉಜ್ಜಿ, ಹೊಸ ಮಸೂರ ಮಾಡಿಕೊಂಡ.

ಅಂಗೈಯೊಳಗಿನ ಯಂತ್ರ

ಆತನ ಸೂಕ್ಷ್ಮದರ್ಶಕ ಅಂದ ಕೂಡಲೇ ಲ್ಯಾಬಿನಲ್ಲಿ ನಿಂತಿರುವ ದೊಡ್ಡ ಯಂತ್ರ ನೆನಪಿಸಿಕೊಳ್ಳಬೇಡಿ. ಎರಡು ತೆಳು ಹಿತ್ತಾಳೆ ತಗಡು, ನಡುವೆ ಸಾಸಿವೆಗಿಂತ ದೊಡ್ಡದಲ್ಲದ ಒಂದು ಗಾಜಿನ ಮಣಿ. ಹಿಂದೆ ಒಂದು ಮೊಳೆ, ಅದರ ತುದಿಗೆ ನೋಡಬೇಕಾದ ವಸ್ತು. ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಲು ತಿರುಪು. ಎಲ್ಲಾ ಸೇರಿ ಬೆಂಕಿಪೊಟ್ಟಣದಷ್ಟು. ಕಣ್ಣಿಗೆ ತಾಗಿಸಿಕೊಂಡು ಬೆಳಕಿನ ಕಡೆ ಮುಖ ಮಾಡಿ ನೋಡಬೇಕು.

ವಾಚ್ ರಿಪೇರಿಯವರು, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಸಾಮಾನ್ಯವಾಗಿ ಹತ್ತು ಪಟ್ಟಿನ ಆಸುಪಾಸು ದೊಡ್ಡದು ಮಾಡಿ ತೋರಿಸುತ್ತೆ. ಲ್ಯೂವೆನ್‌ಹಾಕ್ ಮಾಡಿದವುಗಳಲ್ಲಿ ಇವತ್ತಿಗೆ ಉಳಿದಿರುವ ಅತ್ಯುತ್ತಮ ಸೂಕ್ಷ್ಮದರ್ಶಕದ ಶಕ್ತಿ ಸುಮಾರು 270 ಪಟ್ಟು. ಅದೂ ಒಂದೇ ಮಣಿಯಲ್ಲಿ. ಇಂಥವನ್ನು ಆತ 500ಕ್ಕೂ ಹೆಚ್ಚು ಮಾಡಿದ. ಒಂದು ವಸ್ತು ಚೆನ್ನಾಗಿ ಕಂಡರೆ ಅದನ್ನು ಮೊಳೆಯಿಂದ ಕೀಳದೆ ಹಾಗೇ ಬಿಟ್ಟು, ಮುಂದಿನದಕ್ಕೆ ಇನ್ನೊಂದು ಸೂಕ್ಷ್ಮದರ್ಶಕ ಮಾಡಿಕೊಳ್ಳುವುದು ಆತನ ರೂಢಿ.

ಕೆರೆ ನೀರು ಹಸಿರಾಗಿದ್ದು ಇಬ್ಬನಿಯಿಂದಲಾ?

ಡೆಲ್ಫ್ಟ್‌ನಿಂದ ಸ್ವಲ್ಪ ದೂರದಲ್ಲಿ ಒಂದು ಸರೋವರವಿತ್ತು. ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತಿತ್ತು, ಬೇಸಿಗೆ ಬಂದರೆ ಬಿಳಿಚಿಕೊಂಡು, ಹಸಿರು ಮೋಡದಂಥದ್ದು ತೇಲುತ್ತಿತ್ತು. ಅದು ಇಬ್ಬನಿಯಿಂದ ಆಗುತ್ತೆ ಅಂತ ಸುತ್ತಲಿನ ಹಳ್ಳಿಯವರು ಹೇಳುತ್ತಿದ್ದರು. ಎಷ್ಟೋ ತಲೆಮಾರಿನ ಮಾತು, ಯಾರೂ ಪ್ರಶ್ನೆ ಮಾಡಿರಲಿಲ್ಲ. 1674ರಲ್ಲಿ ಆ ದಾರಿಯಲ್ಲಿ ಹೋದ ಲ್ಯೂವೆನ್‌ಹಾಕ್ ಒಂದು ಸಣ್ಣ ಶೀಶೆಯಲ್ಲಿ ನೀರು ತುಂಬಿಕೊಂಡು ಮನೆಗೆ ತಂದ. ಮರುದಿನ ನೋಡಿದರೆ ಸುರುಳಿ ಸುತ್ತಿಕೊಂಡ ಹಸಿರು ಎಳೆಗಳು, ಅವುಗಳ ನಡುವೆ ಓಡಾಡುವ ಸಣ್ಣ ಸಣ್ಣ ಜೀವಿಗಳು. ಪಾಚಿ ಮತ್ತು ಏಕಕೋಶ ಜೀವಿಗಳು ಅಂತ ಈಗ ನಾವು ಕರೆಯುವುದು ಇವನ್ನೇ.

ಆ ಹಸಿರು ಎಳೆಗಳನ್ನು ಆತ ಸುಮ್ಮನೆ "ಹಸಿರಾಗಿತ್ತು" ಅಂತ ಬರೆದು ಬಿಡಲಿಲ್ಲ. ಹೇಗೆ ಸುತ್ತಿಕೊಂಡಿವೆ, ಎಷ್ಟು ಕ್ರಮವಾಗಿ ಜೋಡಿಸಿವೆ, ತಲೆಕೂದಲಿಗೆ ಹೋಲಿಸಿದರೆ ಎಷ್ಟು ದಪ್ಪ ಅಂತ ವಿವರಿಸಿದ. ಥಾನು ಬಿಚ್ಚಿ ಎಳೆ ನೋಡಿದವನ ಕಣ್ಣು ಅದು. ಹವ್ಯಾಸ ಮನುಷ್ಯನ ನೋಟ ಬದಲಿಸುತ್ತೆ ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಇಲ್ಲಿ ಮೊದಲು ನಡೆದದ್ದು ಉಲ್ಟಾ. ಗಲ್ಲಾಪೆಟ್ಟಿಗೆ ಮುಂದೆ ಕೂತು ಬೆಳೆಸಿಕೊಂಡ ಕಣ್ಣು ಹವ್ಯಾಸಕ್ಕೆ ಬಂದು ಕೆಲಸ ಮಾಡಿತು.

ಮೆಣಸು ಯಾಕೆ ಖಾರ?

ಅತಿ ದೊಡ್ಡ ಸಂಗತಿ ನಡೆದದ್ದು ಕರಿಮೆಣಸಿನಿಂದ. ನಮ್ಮ ಪಶ್ಚಿಮ ಕರಾವಳಿಯಿಂದ, ಜಾವಾ ಸುಮಾತ್ರಾ ಕಡೆಯಿಂದ ಹಡಗು ಹಡಗು ಮೆಣಸು ಹಾಲೆಂಡಿಗೆ ಹೋಗುತ್ತಿದ್ದ ಕಾಲ. ಈ ವ್ಯಾಪಾರ ನಡೆಸಲೆಂದೇ ಡಚ್ಚರು ದೊಡ್ಡ ಕಂಪನಿ ಕಟ್ಟಿದ್ದರು. ಡೆಲ್ಫ್ಟ್‌ನಲ್ಲೂ ಆ ಕಂಪನಿಯ ಶಾಖೆ ಇತ್ತು.

ಲ್ಯೂವೆನ್‌ಹಾಕ್‌ಗೆ ಬಂದ ಪ್ರಶ್ನೆ ಸರಳ. ಮೆಣಸು ನಾಲಿಗೆಗೆ ಯಾಕೆ ಚುರುಕ್ ಅನ್ನುತ್ತೆ? ಅದರಲ್ಲಿ ಸೂಜಿಯಂಥ ಮೊನೆ ಇರಬೇಕು ಅಂತ ಆತನ ಅಂದಾಜು. ನೋಡೋಣ ಅಂತ ಮೆಣಸಿನ ಕಾಳನ್ನು ನೀರಲ್ಲಿ ನೆನೆಹಾಕಿದ. ಸುಮಾರು ಮೂರು ವಾರ ಬಿಟ್ಟ. ನೀರು ಕಡಿಮೆಯಾದಾಗ ಮತ್ತೆ ಹಾಕಿದ. 1676ರ ಏಪ್ರಿಲ್‌ನಲ್ಲಿ ಆ ನೀರಿನ ಒಂದು ಹನಿ ತೆಗೆದು ನೋಡಿದರೆ ಮೊನೆಯೂ ಇಲ್ಲ, ಸೂಜಿಯೂ ಇಲ್ಲ. ಲೆಕ್ಕವಿಲ್ಲದಷ್ಟು ಜೀವಿಗಳು. ಅವುಗಳಲ್ಲಿ ಕೆಲವು ಎಷ್ಟು ಚಿಕ್ಕವೆಂದರೆ, ಅಲ್ಲಿಯತನಕ ಆತ ಕಂಡಿದ್ದ ಸಣ್ಣ ಜೀವಿಗಳೇ ಅವುಗಳ ಮುಂದೆ ಆನೆ.

ಅವು ಬ್ಯಾಕ್ಟೀರಿಯಾ. ಮನುಷ್ಯನ ಕಣ್ಣಿಗೆ ಅವು ಬಿದ್ದದ್ದರ ಮೊದಲ ಸ್ಪಷ್ಟ ದಾಖಲೆ ಇದು. ಒಂದು ಮಿಲಿಮೀಟರ್ ಜಾಗದಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಿದರೆ ಐನೂರು, ಸಾವಿರ ಹಿಡಿಯುತ್ತವೆ. ಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಅನ್ನುವ ರಾಸಾಯನಿಕ ಅಂತ ಗೊತ್ತಾಗಿದ್ದು ಬಹಳ ಕಾಲದ ಮೇಲೆ. ಲ್ಯೂವೆನ್‌ಹಾಕ್ ಕೇಳಿದ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ, ಕೇಳದೇ ಇದ್ದ ಪ್ರಶ್ನೆಗೆ ಸಿಕ್ಕಿತು. ಸಂಬಳಕ್ಕೋ ಲಾಭಕ್ಕೋ ನೋಡುತ್ತಿದ್ದವನಾಗಿದ್ದರೆ "ಮೆಣಸು ಕೊಳೆತಿದೆ" ಅಂತ ನೀರು ಚೆಲ್ಲಿಬಿಡುತ್ತಿದ್ದ.

ಅಳತೆ ಬಿಡದ ವ್ಯಾಪಾರಿ

ಕಂಡದ್ದನ್ನು ಹೇಳುವುದು ಹೇಗೆ? ಆಗ ಇಷ್ಟು ಸಣ್ಣದನ್ನು ಅಳೆಯುವ ಸ್ಕೇಲೇ ಇರಲಿಲ್ಲ. ಲ್ಯೂವೆನ್‌ಹಾಕ್ ಮರಳಿನ ಕಣ ಹಿಡಿದ. ಒಂದು ಮರಳಿನ ಕಣದ ಪಕ್ಕ ಈ ಜೀವಿಯನ್ನು ಇಟ್ಟರೆ ಅದರ ಅಗಲ ನೂರರಲ್ಲಿ ಒಂದು ಪಾಲು ಅಂದುಕೊಳ್ಳಿ. ಆಗ ಕಣದ ಗಾತ್ರ ತುಂಬಲು ನೂರು ಇಂಟು ನೂರು ಇಂಟು ನೂರು, ಅಂದರೆ ಹತ್ತು ಲಕ್ಷ ಜೀವಿಗಳು ಬೇಕು. ಹೀಗೆ ಮರಳು, ತಲೆಕೂದಲು, ಹೇನಿನ ಕಣ್ಣು ಇವೇ ಆತನ ತೂಕದ ಬಟ್ಟು.

ಈ ಲೆಕ್ಕ ಎಲ್ಲಿಂದ ಬಂತು? ಅಂಗಡಿಯ ಜೊತೆಗೆ ಆತ 1669ರಲ್ಲಿ ಭೂಮಾಪಕನ ಪರೀಕ್ಷೆ ಪಾಸು ಮಾಡಿದ್ದ, ನಮ್ಮ ಸರ್ವೆಯರ್ ಇದ್ದಂತೆ. 1679ರಿಂದ ಊರಿಗೆ ಬರುವ ವೈನ್ ಪೀಪಾಯಿಗಳಲ್ಲಿ ಎಷ್ಟು ಲೀಟರ್ ಹಿಡಿಯುತ್ತೆ ಅಂತ ಅಳೆದು ಹೇಳುವ ಕೆಲಸವೂ ಸಿಕ್ಕಿತು. ಹೊಟ್ಟೆ ಉಬ್ಬಿದ ಪೀಪಾಯಿಯ ಗಾತ್ರ ಲೆಕ್ಕ ಹಾಕಿದವನಿಗೆ ಒಂದು ಹನಿ ನೀರಿನ ಗಾತ್ರ ಲೆಕ್ಕ ಹಾಕುವುದು ದೊಡ್ಡದಾ?

ಅದೇ 1679ರಲ್ಲಿ ಮೀನಿನ ವೀರ್ಯದಲ್ಲಿ ಎಷ್ಟು ಜೀವಿಗಳಿವೆ ಅಂತ ಹೇಳಲು ಹೊರಟವನು, ಹೋಲಿಕೆಗೆ ಅಂತ ಇಡೀ ಭೂಮಿಯ ಮೇಲೆ ಎಷ್ಟು ಜನ ಬದುಕಬಹುದು ಅನ್ನುವ ಲೆಕ್ಕ ಹಾಕಿದ. ಹಾಲೆಂಡಿನ ಜನಸಂಖ್ಯೆ, ಅದರ ವಿಸ್ತೀರ್ಣ, ಭೂಮಿಯಲ್ಲಿ ಜನ ವಾಸಿಸುವ ಜಾಗ ಇವನ್ನಿಟ್ಟುಕೊಂಡು ಗುಣಿಸಿದಾಗ ಬಂದದ್ದು ಸುಮಾರು 1,340 ಕೋಟಿ. ಭೂಮಿ ಎಷ್ಟು ಜನರನ್ನು ಹೊರಬಲ್ಲದು ಅಂತ ಲೆಕ್ಕ ಹಾಕಿದ ಮೊದಲಿಗರಲ್ಲಿ ಈ ಬಟ್ಟೆ ವ್ಯಾಪಾರಿಯ ಹೆಸರೂ ಬರುತ್ತೆ.

"ಓದಿದವನಲ್ಲ, ನಂಬೋದು ಹೇಗೆ?"

ಕಂಡದ್ದನ್ನೆಲ್ಲ ಆತ ಕಾಗದ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸುತ್ತಿದ್ದ. ಇದು ಶುರುವಾಗಿದ್ದು 1673ರಲ್ಲಿ, ಊರಿನ ವೈದ್ಯ ರೈನಿಯರ್ ಡಿ ಗ್ರಾಫ್ ಪರಿಚಯ ಮಾಡಿಕೊಟ್ಟ ಮೇಲೆ. ಮಾತು ಹಳ್ಳಿ ಡಚ್ಚು, ಸುತ್ತಿ ಬಳಸಿ ಬರೆಯುವ ರೀತಿ. ಲಂಡನ್ನಿನವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚು ಮಾಡುತ್ತಿದ್ದರು. 1676ರ ಅಕ್ಟೋಬರ್ 9ರ ಕಾಗದದಲ್ಲಿ ಮೆಣಸಿನ ನೀರಿನ ಕಥೆ ಹೋಯಿತು.

ವಿದ್ವಾಂಸರಿಗೆ ನಂಬಿಕೆ ಬರಲಿಲ್ಲ. ಬರಬೇಕಾಗೂ ಇರಲಿಲ್ಲ, ಯಾಕೆಂದರೆ ಅವರ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಆಗ ಲ್ಯೂವೆನ್‌ಹಾಕ್ ಮಾಡಿದ್ದು ಪಕ್ಕಾ ವ್ಯಾಪಾರಿಯ ಕೆಲಸ: ಸಾಕ್ಷಿ ಹಾಕಿಸಿದ. ಪಾದ್ರಿ, ನೋಟರಿ ಸೇರಿ ಎಂಟು ಮಂದಿ ಮರ್ಯಾದಸ್ಥರನ್ನು ಕೂರಿಸಿ, ನೀರು ತೋರಿಸಿ, "ನಾವು ಕಣ್ಣಾರೆ ನೋಡಿದ್ದೇವೆ" ಅಂತ ಬರೆಸಿಕೊಂಡು ಲಂಡನ್ನಿಗೆ ಕಳಿಸಿದ. ಕೊನೆಗೆ 1677ರ ನವೆಂಬರ್‌ನಲ್ಲಿ ರಾಬರ್ಟ್ ಹುಕ್ ತಾನೇ ಮೆಣಸಿನ ನೀರು ಮಾಡಿ, ಹೊಸ ಮಸೂರ ಹಾಕಿ, ಸಭೆಯ ಸದಸ್ಯರಿಗೆ ತೋರಿಸಿದ. ಜೀವಿಗಳು ಇದ್ದವು. 1680ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನಾಗಿ ಆರಿಸಿತು. ಆತ ಒಮ್ಮೆಯೂ ಅಲ್ಲಿನ ಸಭೆಗೆ ಹೋಗಲಿಲ್ಲ, ಕಾಗದ ಬರೆಯುವುದು ಬಿಡಲೂ ಇಲ್ಲ.

ದೊಡ್ಡ ಪದವಿ ಇಲ್ಲದವನ ಮಾತಿಗೆ ಬೆಲೆ ಸಿಗೋದು ತಡ ಅನ್ನೋದಕ್ಕೆ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೂ ಒಂದು ಕಥೆ ಇದೆ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಡಿ.ಆರ್. ಕಾಪ್ರೇಕರ್ ಅವರಿಗೆ ಸಂಖ್ಯೆಗಳ ಜೊತೆ ಆಟವಾಡುವ ಗೀಳು. 1949ರಲ್ಲಿ ಅವರು ಹೇಳಿದ್ದನ್ನು ಈಗಲೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಬಹುದು. ನಾಲ್ಕಂಕಿಯ ಒಂದು ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. 3524 ಅಂದುಕೊಳ್ಳಿ: 5432ರಲ್ಲಿ 2345 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಯಾವ ಸಂಖ್ಯೆ ಹಿಡಿದರೂ ಏಳು ಸಲದೊಳಗೆ 6174ಕ್ಕೇ ಬಂದು ನಿಲ್ಲುತ್ತೆ. ಮಕ್ಕಳಾಟ ಅಂತ ಬಹಳ ಜನ ಪಂಡಿತರು ತಳ್ಳಿಹಾಕಿದ್ದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರಗಿನವರಿಗೆ ಅವರ ಹೆಸರು ಗೊತ್ತಾಯಿತು. ಅಷ್ಟರಲ್ಲಿ ಮೇಷ್ಟರು ರಿಟೈರ್ ಆಗಿ ಹದಿಮೂರು ವರ್ಷ ಕಳೆದಿತ್ತು.

ಬಾಯಿ, ಕಾಫಿ, ಅಕ್ಕಿ ಹುಳ

ಡೆಲ್ಫ್ಟ್‌ಗೆ ವಾಪಸ್ ಹೋಗೋಣ. ಆತ ಒಮ್ಮೆ ಹಲ್ಲಿನ ಕೊಳೆ ನೋಡಿದ. ಮೊದಲು ತನ್ನದೇ. ಪ್ರತಿದಿನ ಉಪ್ಪು ಹಾಕಿ ಉಜ್ಜುವವನು, ಆದರೂ ಹಲ್ಲಿನ ಸಂದಿಯಲ್ಲಿ ಬಿಳಿ ಕೊಳೆ ಇತ್ತು. ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. ಆಮೇಲೆ ಮನೆಯ ಹೆಂಗಸರದ್ದು ನೋಡಿದ, ಜನ್ಮದಲ್ಲಿ ಹಲ್ಲು ಉಜ್ಜದ ಒಬ್ಬ ಮುದುಕನದ್ದೂ ನೋಡಿದ. 1683ರ ಸೆಪ್ಟೆಂಬರ್‌ನ ಕಾಗದದಲ್ಲಿ ಇದೆಲ್ಲ ಚಿತ್ರ ಸಮೇತ ಇದೆ. ಒಬ್ಬ ಮನುಷ್ಯನ ಹಲ್ಲಿನ ಕೊಳೆಯಲ್ಲಿರುವ ಜೀವಿಗಳು ಒಂದು ರಾಜ್ಯದ ಪ್ರಜೆಗಳಿಗಿಂತ ಹೆಚ್ಚು ಅನ್ನುವುದು ಆತನ ಲೆಕ್ಕ.

ಕೆಲವು ವರ್ಷದ ಮೇಲೆ ಮತ್ತೆ ನೋಡಿದಾಗ ಮುಂದಿನ ಹಲ್ಲಿನ ಜೀವಿಗಳೆಲ್ಲ ಸತ್ತಿದ್ದವು. ಏನಾಯಿತು ಅಂತ ಯೋಚಿಸಿದ. ಬೆಳಗ್ಗೆ ಬಿಸಿ ಬಿಸಿ ಕಾಫಿ ಕುಡಿಯುವ ಅಭ್ಯಾಸ ಹತ್ತಿತ್ತು! ಬಿಸಿಗೆ ಸತ್ತಿರಬೇಕು ಅಂತ ಹಿಂದಿನ ದವಡೆ ಹಲ್ಲಿನದ್ದು ತೆಗೆದು ನೋಡಿದ. ಕಾಫಿ ಅಷ್ಟು ಬಿಸಿಯಾಗಿ ತಲುಪದ ಅಲ್ಲಿ ಅವು ಜೀವಂತವಾಗಿದ್ದವು. ನಾವೆಲ್ಲ ಕಾಫಿ ಕುಡಿದು ಲೋಟ ಇಡುತ್ತೇವೆ. ಆತ ಕಾಫಿ ಕುಡಿದು ಒಂದು ಪ್ರಯೋಗ ಮಾಡಿದ.

ಕಿರಾಣಿ ಅಂಗಡಿಯವರಿಗೆ ಬೇಕಾದ ಸಂಗತಿ ಇನ್ನೊಂದಿದೆ. ಮುಚ್ಚಿಟ್ಟ ಧಾನ್ಯದಲ್ಲಿ ಹುಳ ತಾನಾಗೇ ಹುಟ್ಟುತ್ತೆ ಅಂತ ಆಗ ಎಲ್ಲರೂ ನಂಬಿದ್ದರು. ಪಂಡಿತರೂ ನಂಬಿದ್ದರು. ಇವತ್ತಿಗೂ "ಮೂಟೆ ಒಳ್ಳೇದೇ ಇತ್ತು, ಹುಳ ಹೇಗೆ ಬಂತೋ" ಅನ್ನುವ ಮಾತು ಅಂಗಡಿಯಲ್ಲಿ ಕೇಳುತ್ತೆ. ಲ್ಯೂವೆನ್‌ಹಾಕ್ ಗಾಜಿನ ಕೊಳವೆಗಳಲ್ಲಿ ಗೋಧಿ ಹಾಕಿ, ಸೊಂಡಿಲು ಹುಳ ಬಿಟ್ಟು, ಕಾವು ಸಿಗಲಿ ಅಂತ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಹುಳ ಜೊತೆಯಾಗುವುದು, ಕಾಳಿನೊಳಗೆ ಮರಿ ಇರುವುದು, ಅದೇ ಬೆಳೆದು ಹುಳವಾಗುವುದು ಎಲ್ಲವನ್ನೂ ಕಂಡು 1687ರಲ್ಲಿ ಬರೆದ. ಹುಳ ಹುಳದಿಂದಲೇ ಬರುತ್ತೆ, ಕಾಳಿನಿಂದಲ್ಲ.

ಈಗ ನಮಗೆ ಗೊತ್ತಿರುವ ವಿವರ ಇಷ್ಟು. ಹೆಣ್ಣು ಹುಳ ಮೂತಿಯಿಂದ ಕಾಳಿಗೆ ತೂತು ಕೊರೆದು ಒಂದು ಮೊಟ್ಟೆ ಇಟ್ಟು, ಮೇಲೆ ಅಂಟಿನಂಥ ಮುಚ್ಚಳ ಹಾಕುತ್ತೆ. ಹೊರಗಿನಿಂದ ಕಾಳು ಚೊಕ್ಕವಾಗೇ ಕಾಣುತ್ತೆ. ಮರಿ ಒಳಗೇ ತಿಂದು ಬೆಳೆದು, ನಮ್ಮ ಬೇಸಿಗೆಯ ಸೆಖೆಗೆ ಒಂದು ತಿಂಗಳ ಆಸುಪಾಸಿನಲ್ಲಿ ಹೊರಗೆ ಬರುತ್ತೆ. ಅಂದರೆ ಇವತ್ತು ಮೂಟೆಯಲ್ಲಿ ಓಡಾಡುತ್ತಿರುವ ಹುಳ ಬಂದದ್ದು ಇವತ್ತಲ್ಲ, ಹೋದ ತಿಂಗಳ ಮೊಟ್ಟೆ. ಹಳೇ ಮೂಟೆ ಖಾಲಿ ಮಾಡದೆ ಪಕ್ಕದಲ್ಲೇ ಹೊಸ ಮೂಟೆ ಇಳಿಸಿದರೆ, ಮೂಲೆಯಲ್ಲಿ ಉದುರಿದ ಕಾಳು ಗುಡಿಸದೆ ಬಿಟ್ಟರೆ, ಹುಳಕ್ಕೆ ಬೇರೆ ಆಹ್ವಾನ ಬೇಕಿಲ್ಲ.

ಟೈಮ್ ಎಲ್ಲಿಂದ ಸಿಕ್ತು?

ಇದೆಲ್ಲ ಓದಿ "ಅವನಿಗೇನು, ಟೈಮ್ ಇತ್ತು" ಅನ್ನುವವರೂ ಇರುತ್ತಾರೆ. ಅವರ ಮಾತು ಪೂರ್ತಿ ತಪ್ಪಲ್ಲ. 1660ರಲ್ಲಿ ಊರಿನ ಆಡಳಿತದವರು ಆತನಿಗೆ ಒಂದು ಸಣ್ಣ ಹುದ್ದೆ ಕೊಟ್ಟರು. ಅಧಿಕಾರಿಗಳು ಸಭೆ ಸೇರುವ ಕೋಣೆಯ ಬಾಗಿಲು ತೆಗೆಯುವುದು, ಹಾಕುವುದು, ಗುಡಿಸಿಡುವುದು, ಚಳಿಗೆ ಬೆಂಕಿ ಹಾಕಿಸುವುದು. ಹೆಸರಿಗೆ ಗೌರವದ ಕೆಲಸ, ದುಡಿಮೆ ಕಡಿಮೆ, ಸಂಬಳ ಖಾಯಂ. ಸುಮಾರು ನಲವತ್ತು ವರ್ಷ ಆ ಹುದ್ದೆ ಆತನ ಕೈಲಿತ್ತು. ಹೊಟ್ಟೆಪಾಡಿನ ಚಿಂತೆ ಇಲ್ಲದಿದ್ದರೆ ಮಾತ್ರ ಮೂರು ವಾರ ಮೆಣಸು ನೆನೆಹಾಕಿ ಕಾಯಲು ಸಾಧ್ಯ. ಬೆಳಗ್ಗೆ ಆರಕ್ಕೆ ಶಟರ್ ತೆಗೆದು ರಾತ್ರಿ ಹತ್ತಕ್ಕೆ ಹಾಕುವವನಿಗೆ "ಹವ್ಯಾಸ ಬೆಳೆಸಿಕೊಳ್ಳಿ" ಅಂತ ಹೇಳುವುದು ಸುಲಭ, ಆದರೆ ನ್ಯಾಯವಲ್ಲ.

ಮನೆಯಲ್ಲಿ ಸುಖವೇ ತುಂಬಿತ್ತು ಅಂತಲೂ ಅಲ್ಲ. ಮೊದಲ ಹೆಂಡತಿಯಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಬದುಕಿ ಉಳಿದವಳು ಮರಿಯಾ ಒಬ್ಬಳೇ. ಹೆಂಡತಿಯೂ 1666ರಲ್ಲಿ ತೀರಿಕೊಂಡಳು. ಆತ ಮಸೂರ ಹಿಡಿದು ಗಂಭೀರವಾಗಿ ಕೂತದ್ದು ಇದಾದ ನಂತರದ ವರ್ಷಗಳಲ್ಲಿ.

ಗುಟ್ಟು ಬಿಟ್ಟುಕೊಡಲಿಲ್ಲ

ಲ್ಯೂವೆನ್‌ಹಾಕ್‌ನ ದೊಡ್ಡ ತಪ್ಪನ್ನೂ ಹೇಳಲೇಬೇಕು. ಹೆಸರು ಹಬ್ಬಿದ ಮೇಲೆ ನೋಡಲು ಬರುವವರ ಕಾಟ ಶುರುವಾಯಿತು. 1698ರಲ್ಲಿ ರಷ್ಯಾದ ದೊರೆ ಪೀಟರ್ ಬಂದಾಗ ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ತೋರಿಸಿ ಕಳಿಸಿದ. ಆದರೆ ತನ್ನ ಅತ್ಯುತ್ತಮ ಮಸೂರಗಳನ್ನು ಯಾರಿಗೂ ತೋರಿಸಲಿಲ್ಲ, ಮಾಡುವ ವಿಧಾನ ಯಾರಿಗೂ ಹೇಳಿಕೊಡಲಿಲ್ಲ, ಶಿಷ್ಯರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ವ್ಯಾಪಾರದ ಗುಟ್ಟು ಕಾಯುವ ಬುದ್ಧಿ ಇಲ್ಲೂ ಕೆಲಸ ಮಾಡಿತು ಅನ್ನಿಸುತ್ತೆ. ಅಂಗಡಿಯ ಒಳ್ಳೆ ಗುಣ ಹವ್ಯಾಸಕ್ಕೆ ಬಂದಂತೆ ಕೆಟ್ಟದ್ದೂ ಬಂತು.

ಪರಿಣಾಮ ಏನಾಯಿತು? ಆತ ಸತ್ತ ಮೇಲೆ ಆ ಕೆಲಸ ಮುಂದುವರಿಸುವವರೇ ಇರಲಿಲ್ಲ. ರಾಯಲ್ ಸೊಸೈಟಿಗೆ ಉಯಿಲು ಬರೆದು ಕೊಟ್ಟ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಮುಂದೆ ಕಳೆದೇ ಹೋದವು. 500ಕ್ಕೂ ಹೆಚ್ಚು ಮಾಡಿದ್ದರಲ್ಲಿ ಇವತ್ತು ಉಳಿದಿರುವುದು ಹತ್ತು ಹನ್ನೆರಡು. ಅತ್ಯುತ್ತಮವಾದದ್ದನ್ನು ಬಿಚ್ಚದೆಯೇ ನ್ಯೂಟ್ರಾನ್ ಕಿರಣ ಹಾಯಿಸಿ ನೋಡಿದ ಡಚ್ ಸಂಶೋಧಕರು 2021ರಲ್ಲಿ ಗುಟ್ಟು ಹೊರಗೆಡವಿದರು. ಗಾಜಿನ ಕಡ್ಡಿಯ ತುದಿ ಕರಗಿಸಿ ಮಣಿ ಮಾಡಿದ್ದ. ಆ ವಿಧಾನವನ್ನು ರಾಬರ್ಟ್ ಹುಕ್ 1665ರ ಪುಸ್ತಕದಲ್ಲೇ ಬರೆದಿದ್ದ.

ಹಲ್ಲಿನ ಕೊಳೆಯಲ್ಲಿ ಕಂಡ ಜೀವಿಗಳಿಗೂ ರೋಗಕ್ಕೂ ಸಂಬಂಧ ಇದೆ ಅಂತ ಗಟ್ಟಿಯಾಗಿ ತೋರಿಸಲು ಇನ್ನೂ ಎರಡು ಶತಮಾನ ಬೇಕಾಯಿತು. ತೋರಿಸಿದವರಲ್ಲಿ ಮುಖ್ಯನಾದ ರಾಬರ್ಟ್ ಕಾಕ್ ಶುರುವಿನಲ್ಲಿ ದೊಡ್ಡ ಪ್ರಯೋಗಾಲಯದ ವಿಜ್ಞಾನಿಯೇನಲ್ಲ. ಆಗ ಜರ್ಮನಿಗೆ ಸೇರಿದ್ದ ವೋಲ್‌ಸ್ಟೈನ್ ಅನ್ನುವ ಸಣ್ಣ ಊರಿನ ಸರ್ಕಾರಿ ಡಾಕ್ಟರ್, ನಮ್ಮ ತಾಲೂಕು ಆರೋಗ್ಯಾಧಿಕಾರಿ ಇದ್ದಂತೆ. ಹಗಲೆಲ್ಲ ರೋಗಿಗಳು. ಮನೆಯ ಕೋಣೆಗೆ ಪರದೆ ಕಟ್ಟಿ, ಹೆಂಡತಿ ಉಡುಗೊರೆ ಕೊಟ್ಟಿದ್ದಳು ಎನ್ನಲಾಗುವ ಸೂಕ್ಷ್ಮದರ್ಶಕ ಇಟ್ಟುಕೊಂಡು ಬಿಡುವಿನಲ್ಲಿ ಕೂರುತ್ತಿದ್ದ. ಸುತ್ತಲಿನ ರೈತರ ಕುರಿ, ದನಗಳು ನೆರಡಿ ರೋಗಕ್ಕೆ ಸಾಯುತ್ತಿದ್ದವು. ಸತ್ತ ಕುರಿಯ ರಕ್ತದಲ್ಲಿನ ಕಡ್ಡಿಯಂಥ ಬ್ಯಾಕ್ಟೀರಿಯಾವೇ ಅದಕ್ಕೆ ಕಾರಣ, ಅದು ಮಣ್ಣಿನಲ್ಲಿ ಬೀಜದಂತೆ ವರ್ಷಗಟ್ಟಲೆ ಉಳಿಯುತ್ತೆ ಅಂತ ಆತ ತೋರಿಸಿದ್ದು 1876ರಲ್ಲಿ. ಮೆಣಸಿನ ನೀರಿಗೆ ಸರಿಯಾಗಿ 200 ವರ್ಷ. ನೆರಡಿ ಬಂದು ಸತ್ತ ಕುರಿಯನ್ನು ಕೊಯ್ಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು ಅಂತ ಪಶು ಆಸ್ಪತ್ರೆಯವರು ಇವತ್ತು ನಮ್ಮ ಕುರಿಗಾಹಿಗಳಿಗೆ ಹೇಳುವ ಮಾತಿನ ಬೇರು ಅಲ್ಲಿದೆ. ಅದೇ ಕಾಕ್ 1882ರ ಮಾರ್ಚ್ 24ರಂದು ಕ್ಷಯದ ಬ್ಯಾಕ್ಟೀರಿಯಾ ಪ್ರಕಟಿಸಿದ. ಆ ದಿನವನ್ನೇ ವಿಶ್ವ ಕ್ಷಯ ದಿನ ಅಂತ ಆಚರಿಸುವುದು.

ಕನ್ನಡದ ಓದುಗರಿಗೆ ಈ ಬಗೆಯ ನೋಟ ಹೊಸದೇನಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳ ಹಾಕುವುದು, ಹಕ್ಕಿ ಫೋಟೊ ತೆಗೆಯುವುದು, ಯಂತ್ರ ಬಿಚ್ಚಿ ಜೋಡಿಸುವುದು ಎಲ್ಲದರ ಹುಚ್ಚಿತ್ತು. ಹಾರುವ ಓತಿಯ ಬೆನ್ನು ಹತ್ತಿ ಹೋಗುವ 'ಕರ್ವಾಲೊ' ಅಂಥ ಕಣ್ಣಿಲ್ಲದೆ ಬರೆಯಲಾಗುವ ಕಾದಂಬರಿಯಲ್ಲ.

ಲ್ಯೂವೆನ್‌ಹಾಕ್ ಬದುಕಿದ್ದು 90 ವರ್ಷ. ಕೊನೆಗಾಲದಲ್ಲಿ ಆತನಿಗೆ ಎದೆಯ ಕೆಳಗೆ ಬಡಿತದಂಥ ಸೆಳೆತ ಬರುತ್ತಿತ್ತು. ವೈದ್ಯರು ಹೃದಯದ ತೊಂದರೆ ಅಂದರು. ಆತ ಒಪ್ಪಲಿಲ್ಲ. ಸೆಳೆತ ಬಂದಾಗ ಕೈಯ ನಾಡಿ ಹಿಡಿದು ನೋಡಿಕೊಂಡ, ನಾಡಿ ಮಾಮೂಲಾಗೇ ಇತ್ತು. ಹಾಗಾದರೆ ಇದು ಹೃದಯವಲ್ಲ, ಎದೆ ಹೊಟ್ಟೆಯ ನಡುವಿನ ವಪೆಯದ್ದು ಅಂತ ತೀರ್ಮಾನಿಸಿ, ಅದನ್ನೂ ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ಆ ಅಪರೂಪದ ಕಾಯಿಲೆಗೆ ವೈದ್ಯರು ಈಗ ಆತನ ಹೆಸರನ್ನೇ ಇಟ್ಟಿದ್ದಾರೆ. 1723ರ ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದಿದ್ದಾಗಲೂ ಸ್ನೇಹಿತನನ್ನು ಕರೆಸಿ, ಎರಡು ಕಾಗದ ಲ್ಯಾಟಿನ್‌ಗೆ ತಿರುಗಿಸಿ ಲಂಡನ್ನಿಗೆ ಕಳಿಸು ಅಂತ ಹೇಳಿದ. ಕಾಗದ ಅಲ್ಲಿಗೆ ತಲುಪುವ ಹೊತ್ತಿಗೆ ಡೆಲ್ಫ್ಟ್‌ನ ಹಳೇ ಚರ್ಚಿನಲ್ಲಿ ಆತನ ಮಣ್ಣು ಮುಗಿದಿತ್ತು.